ಕಿಟಕಿ ನಂಬರ್ ನಾಲ್ಕು

ನನ್ನ ಕಿಟಕಿಯಿಂದ ಮುಖ ಕಾಣುವುದಿಲ್ಲ.
ಗಾಜಿಗೆ ಅಂಟಿಸಿದ ನೋಟೀಸುಗಳ ಕೆಳಗೆ
ಒಂದು ಗೇಣು ತೆರಪು,
ಅದರೊಳಗೆ ಬರುವುದು ಕೈ, ಕೈಯಲ್ಲಿ ಚೀಟಿ.
ಹದಿನಾರು ವರ್ಷದಿಂದ ವಿರಾಜಪೇಟೆಯನ್ನು
ಕೈಗಳಿಂದಲೇ ಬಲ್ಲೆ.

ಅವಳದು ಕಾಫಿ ಕೊಯ್ದು ಕರೆಗಟ್ಟಿದ ಉಗುರು.
ತಿಂಗಳ ಮೊದಲ ಗುರುವಾರ,
ಹನ್ನೊಂದೂವರೆ ದಾಟಿದ ಮೇಲೆ.
ಬೇಗ ಬರಬಾರದಾ, ಟೋಕನ್ ಮುಗಿಯುತ್ತೆ, ಅಂದೆ ಒಮ್ಮೆ.
ಆನೆ ದಾರಿ ಬಿಡಬೇಕಲ್ಲ ಸಾರ್, ಅಂದಳು,
ಬಸ್ಸು ತಡವಾಯಿತು ಅನ್ನುವಷ್ಟೇ ಸಲೀಸಾಗಿ.

ಚೀಟಿಯಲ್ಲಿ: ಬೊಳ್ಳು, ಆರು ವರ್ಷ, ಹದಿಮೂರು ಕೆ.ಜಿ.
ಫಿಟ್ಸ್ ಸಿರಪ್, ಎರಡು ಹೊತ್ತು, ಐದೈದು ಎಂ.ಎಲ್.
ತಪ್ಪಿಸಬಾರದು. ಕೆಳಗೆ ಎರಡು ಗೆರೆ.

ಆ ಕಕ್ಕಡದಲ್ಲಿ ಸಿರಪ್ ಇರಲಿಲ್ಲ.
ಇಂಡೆಂಟ್ ಹಾಕಿದ್ದೆ. ಮಡಿಕೇರಿಯವರೂ ಹಾಕಿದ್ದರು.
ಸಿರಪ್ಪೊಂದು ಬಿಟ್ಟು ಎಲ್ಲ ಸರಿಯಾಗಿತ್ತು.
ಮುಂದಿನ ವಾರ ಬನ್ನಿ, ಅಂದೆ,
ದಿನಕ್ಕೆ ನಲವತ್ತು ಸಲ ಹೇಳುವ ಮಾತು,
ಉಗುಳು ನುಂಗಿದ ಹಾಗೆ.
ಕೈ ಚೀಟಿಯನ್ನು ನಾಲ್ಕಾಗಿ ಮಡಿಚಿತು. ಹೋಯಿತು.
ಹೊರಗಿನ ಅಂಗಡಿಯಲ್ಲಿ ಅದಕ್ಕೆಷ್ಟೆಂದು
ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮುಂದಿನ ವಾರ ಮಳೆಗೆ ಸೇತುವೆ ಮುಳುಗಿತ್ತು.
ಅದರ ಮುಂದಿನ ವಾರ ತೆರಪಿನೊಳಗೆ ಬಂದದ್ದು
ಪುಟ್ಟ ಕೈ.
ನಾಲ್ಕೂ ಬೆರಳಿಗೆ ಸೇರಿಸಿ ಬ್ಯಾಂಡೇಜು,
ಅಂಚಿನಲ್ಲಿ ಹಳದಿ ಮುಲಾಮು.
ಒಲೆ ಮುಂದೆ ಕೂತಿದ್ದಳು ಸಾರ್,
ನಾನು ನೀರಿಗೆ ಹೋಗಿದ್ದೆ.
ಯಾರನ್ನೂ ದೂರದ ದನಿ.
ದೂರಿದ್ದರೆ ಚೆನ್ನಾಗಿತ್ತು.

ಅಂದು ಪಕ್ಕದ ಬಾಗಿಲು ತೆಗೆದು ಹೊರಗೆ ಬಂದೆ.
ತಾಯಿ ನಾನೆಣಿಸಿದ್ದಕ್ಕಿಂತ ಎಳೆಯವಳು.
ಮಗು ನನ್ನ ಜೇಬಿನ ಪೆನ್ನನ್ನೇ ನೋಡುತ್ತಿತ್ತು.
ಔಷಧಿ ಹೇಗೆ ಕೊಡ್ತೀಯಮ್ಮ, ತೋರಿಸು.
ಸೆರಗಿನ ಗಂಟು ಬಿಚ್ಚಿ ತೆಗೆದಳು
ಯಾರದೋ ಮದುವೆಯ ಪಾಯಸದ ಪ್ಲಾಸ್ಟಿಕ್ ಚಮಚ.
ಮೂರು ಎಂ.ಎಲ್. ಕೂಡ ಹಿಡಿಯದು.
ದೊಡ್ಡ ಕ್ಯಾನಿನಿಂದ ಸುರಿದುಕೊಡುವ ಸೀಸೆಗೆ
ಅಳತೆಯ ಮುಚ್ಚಳ ಬರುವುದಿಲ್ಲ.
ಸುರಿದುಕೊಟ್ಟವನು ನಾನು.
"ತಾಯಿ ಡೋಸ್ ತಪ್ಪಿಸುತ್ತಾಳೆ" ಎಂದು
ಕಾರ್ಡಿನಲ್ಲಿ ಎರಡು ಕಡೆ ಬರೆದಿತ್ತು.
ಸಿರಪ್ ಇದ್ದಷ್ಟು ದಿನ
ಒಂದು ಹೊತ್ತೂ ತಪ್ಪಿಸಿರಲಿಲ್ಲ ಅವಳು.

ಸೂಜಿಯಿಲ್ಲದ ಸಿರಿಂಜೊಂದನ್ನು ಹುಡುಕಿ ತಂದೆ.
ಸಿಸ್ಟರ್ ಲೂಸಿನಾ ತನ್ನ ಬ್ಯಾಗಿನ ಉಗುರುಬಣ್ಣದಿಂದ
ಐದರ ಗೆರೆಗೆ ಕೆಂಪು ಹಚ್ಚಿದಳು.
ಮಗು ಇನ್ನೊಂದು ಕೈ ಚಾಚಿತು, ಬ್ಯಾಂಡೇಜಿಲ್ಲದ್ದು.
ಐದು ಉಗುರಿಗೂ ಹಚ್ಚಿದಳು.
ಕ್ಯೂ ಗೊಣಗಿತು.

ತಿಂಗಳ ಕೊನೆಗೆ ಗುಣಮಟ್ಟ ಪರಿಶೀಲನೆಯ ತಂಡ.
ಕಸದ ಬುಟ್ಟಿಗಳ ಬಣ್ಣ ನೋಡಿದರು.
ಕೈ ತೊಳೆಯುವ ಚಿತ್ರ ಗೋಡೆಗಿದೆಯೇ ನೋಡಿದರು.
ನನ್ನ ಕಿಟಕಿಯ ಬೋರ್ಡು ದೂರಕ್ಕೂ ಕಾಣುತ್ತದೆಂದು
ಒಂದು ಅಂಕ ಹೆಚ್ಚೇ ಕೊಟ್ಟರು.
ನೂರಕ್ಕೆ ಎಂಬತ್ತೆಂಟು.
ಸಿರಪ್ ಇಲ್ಲದ ಹತ್ತೊಂಬತ್ತು ದಿನಕ್ಕೆ
ಅವರ ಹಾಳೆಯಲ್ಲಿ ಕಲಂ ಇರಲಿಲ್ಲ.
ನಾನೂ ಬಾಯಿ ಬಿಡಲಿಲ್ಲ.
ಬಿಟ್ಟದ್ದು ಲಾಡು ತಿನ್ನಲಿಕ್ಕೆ.

ಈಗ ಡ್ರಾಯರಿನಲ್ಲೊಂದು ನೋಟ್‌ಬುಕ್ಕಿದೆ.
ಅಮ್ಮತ್ತಿ, ಪಾಲಿಬೆಟ್ಟ, ಸಿದ್ದಾಪುರ, ಹದಿನೇಳು ಮಕ್ಕಳು,
ಯಾರ ಸೀಸೆ ಯಾವ ದಿನ ಖಾಲಿ,
ಯಾರ ಹಾದಿಯಲ್ಲಿ ಆನೆ,
ಫೋನಿಲ್ಲದವರ ಲೈನಿನಲ್ಲಿ ಯಾರಿಗೆ ಫೋನಿದೆ.
ಇದು ನಿಮ್ಮ ಕೆಲಸವಲ್ಲ, ಅಂದರು ಮೇಲಿನವರು. ಹೌದು.
ಇದು ಯಾರ ಕೆಲಸ ಎಂದು
ಅವರಿಗೂ ಗೊತ್ತಿರಲಿಲ್ಲ.
ಗಾಜಿನ ನೋಟೀಸು ಕಿತ್ತಿದ್ದೇನೆ. ಗೋಂದಿನ ಕಲೆ ಹೋಗಿಲ್ಲ,
ಅದರಾಚೆ ಮುಖಗಳು ಮಸುಕು ಮಸುಕು.

ಮೊನ್ನೆ ಗುರುವಾರ, ಹನ್ನೊಂದೂ ಮುಕ್ಕಾಲು.
ತೆರಪಿನೊಳಗೆ ಬಂತು ಸುಟ್ಟು ಮಾಗಿದ ಕೈ,
ಎರಡು ಬೆರಳು ಪೂರ್ತಿ ಬಿಚ್ಚಿಕೊಳ್ಳವು.
ಚೀಟಿಯಿಲ್ಲ.
ಬಣ್ಣ ಬೇಕಂತೆ, ಈ ಕೈಗೂ.

ಲೂಸಿನಾ ರಜೆಯಲ್ಲಿದ್ದಳು.
ಇಂಡೆಂಟಿಗೆ ಗೆರೆ ಎಳೆಯುವ ಕೆಂಪು ಪೆನ್ನು ತೆಗೆದು
ಕಿರುಬೆರಳಿನಿಂದ ಶುರುಮಾಡಿದೆ.